ಹುಲಿಗೆಪ್ಪನ ಬ್ಯೂಗಲ್

ನಾನು ಒಂದು ಬ್ಯೂಗಲ್. ಮೀರತ್ತಿನ ಇಕ್ಕಟ್ಟಾದ ಓಣಿಯೊಂದರಲ್ಲಿ ತಾಮ್ರದ ತಗಡು ಬಡಿದು, ಬಗ್ಗಿಸಿ, ಬೆಸೆದು ನನ್ನನ್ನು ಮಾಡಿದರು. ಬಾಯಿ ಕೊಟ್ಟರು, ಉಸಿರು ಕೊಡಲಿಲ್ಲ. ಅದನ್ನು ಕೊಟ್ಟವನು ಸಿಪಾಯಿ ಹುಲಿಗೆಪ್ಪ.

ಕುಷ್ಟಗಿ ಕಡೆಯ ಹಳ್ಳಿಯೊಂದರ ಮಾದಿಗರ ಕೇರಿಯವನು. ಅಪ್ಪ ಊರವರ ಹೆಣಗಳ ಮುಂದೆ ಹಲಗೆ ಬಡಿದೇ ಮುದುಕನಾದ. ಮಗ ಹಲಗೆ ಮುಟ್ಟದೆ ಪಲ್ಟನ್ ಸೇರಿದ. ಸಿಪಾಯಿ ಸತ್ತರೆ ಊದುವ ಕಡೆಯ ರಾಗವೊಂದಿದೆ, ಲಾಸ್ಟ್ ಪೋಸ್ಟ್. ಹಿಮದಲ್ಲಿ ತುಟಿ ನನಗೆ ಅಂಟಿ ಚರ್ಮ ಕಿತ್ತು ಬಂದರೂ ಅವನು ಅದನ್ನು ತಪ್ಪಿಸಲಿಲ್ಲ. ಸತ್ತವನ ಜಾತಿ ಕೇಳಿ ಊದಿದ್ದನ್ನು ನಾನು ಕಾಣೆ.

ಮೈ ತಗ್ಗುಬಿದ್ದು ನಾನು ಪಲ್ಟನ್ನಿಗೆ ಬೇಡವಾದೆ. ಅವನ ನಿವೃತ್ತಿಯ ದಿನ ಸಾಹೇಬರು ನನ್ನನ್ನು ಅವನಿಗೇ ಕೊಟ್ಟರು.

ಅದೇ ವರ್ಷ ಊರಿನ ದೊಡ್ಡಗೌಡ ಸತ್ತ. ಆಳು ಬಂದು ಕರೆದ. "ನಿಮ್ಮಪ್ಪ ಹಲಗಿ ಬಡೀತಿದ್ದ. ನೀ ಆ ಕಹಳಿ ಊದಾಕ ಬಾರಲೇ."

"ಇದು ಗಡಿ ಕಾದವರಿಗೆ ಊದೋದು. ಗೌಡ್ರು ಮಂದಿ ಹೊಲದ ಬದು ಒತ್ತಿದ್ದು ಬಿಟ್ರ ಯಾವ ಗಡಿ ಕಾದಾರ?"

ಊರು ಆ ಮಾತನ್ನು ಮರೆಯಲಿಲ್ಲ.

ಹೆಂಡತಿ ಗಾಳೆಮ್ಮ ಶುಕ್ರವಾರಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ ನನ್ನನ್ನು ತಿಕ್ಕುತ್ತಿದ್ದಳು. ಒಳಗೆ ಉಳಿದ ಬೂದಿ ಹೋಗಲೆಂದು ಬಾಯಿಟ್ಟು 'ಪುಸ್' ಎಂದು ಊದುತ್ತಿದ್ದಳು.

"ನನಗಿಂತ ಇದಕ್ಕ ಹೆಚ್ಚು ಮುದ್ದು ಕೊಟ್ಟೀರಿ."

"ಅದು ತಿರುಗಿ ಮಾತಾಡಂಗಿಲ್ಲ" ಎಂದು ಅವನು ನಗುತ್ತಿದ್ದ.

ಹೋದ ಮಾಗಿಯಲ್ಲಿ ಹುಲಿಗೆಪ್ಪ ಸತ್ತ. ಗಾಳೆಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಜಿ ಸೈನಿಕರ ಸಂಘಕ್ಕೆ ಹೋದಳು. ಕಾರ್ಯದರ್ಶಿ ಚನ್ನಬಸಯ್ಯ ನಿವೃತ್ತ ಹವಾಲ್ದಾರ.

"ಧ್ವಜ ತರ್ತೀವಿ, ಹೂವಿನ ಚಕ್ರ ತರ್ತೀವಿ, ಯವ್ವಾ. ಆದ್ರ ಊದವರು ಯಾರೂ ಉಳಿದಿಲ್ಲ. ಮೊಬೈಲದಾಗ ಐತಿ, ಹಚ್ಚೋಣು."

"ಅವರು ಎಲ್ಲಾರಿಗೂ ತಮ್ಮ ಉಸುರು ಕೊಟ್ಟಾರ್ರಿ. ಅವರಿಗಷ್ಟ ಡಬ್ಬಿ ಉಸುರೇನ್ರಿ?"

ಚನ್ನಬಸಯ್ಯ ಧ್ವಜ ತೆಗೆಯಲು ಎದ್ದ.

ಧ್ವಜ ಹೊದ್ದ ಹೆಣ ಊರ ಅಗಸೆ ಬಾಗಿಲಿಗೆ ಬಂದಾಗ ದೊಡ್ಡಗೌಡನ ಮಗ ಅಡ್ಡ ನಿಂತ. "ಧ್ವಜಕ್ಕ ನಮಸ್ಕಾರ. ನಿಮ್ಮ ಕೇರಿ ಹೆಣಕ್ಕ ಹಳ್ಳದ ದಾರಿ ಐತಲ್ಲ."

ಗಡಿಯಲ್ಲಿ ಒಂದಡಿ ನೆಲ ಬಿಡದ ಸಂಘದ ಮಾಜಿ ಸೈನಿಕರು ಅಗಸೆಯಲ್ಲಿ ಹಿಂದೆ ಸರಿದರು. ಜಾಲಿಮುಳ್ಳಿನ ನಡುವೆ ಧ್ವಜವೂ ಹಳ್ಳದ ದಾರಿಯನ್ನೇ ಹಿಡಿಯಿತು.

ಮಸಣದಲ್ಲಿ ಧ್ವಜ ಮಡಿಸಿ ಗಾಳೆಮ್ಮನ ಮಡಿಲಿಗಿಟ್ಟರು. ಚನ್ನಬಸಯ್ಯ ಮೊಬೈಲು ಹಚ್ಚಿದ. ಮೂರು ಸ್ವರ ಕೇಳಿತು. ಆಮೇಲೆ ಸೀರೆ ಅಂಗಡಿಯ ಜಾಹೀರಾತು.

"ಬಂದ್ ಮಾಡ್ರಿ" ಅಂದಳು ಗಾಳೆಮ್ಮ.

ನನ್ನನ್ನು ಸೆರಗಿನಿಂದ ಬಿಚ್ಚಿ ಬಾಯಿಗಿಟ್ಟಳು. ಮೊದಲು ಬರೀ ಗಾಳಿ, ಅದೇ ಬೂದಿ ಊದುವ ಗಾಳಿ. ಅವಳು ಮತ್ತೆ ಎದೆ ತುಂಬಿಕೊಂಡಳು. ಆಗ ಬಂತು ಒಂದೇ ಒಂದು ಸ್ವರ, ಕರು ಕಳಕೊಂಡ ಎಮ್ಮೆ ಕೂಗಿದ ಹಾಗೆ. ಅದು ಲಾಸ್ಟ್ ಪೋಸ್ಟ್ ಅಲ್ಲ. ಆದರೂ ಮುದಿ ಸಿಪಾಯಿಗಳ ಕೈಗಳು ತಾವಾಗಿ ಹಣೆಗೇರಿದವು. ಅವಳ ಉಸಿರು ಮುಗಿಯುವ ತನಕ ಯಾರೂ ಇಳಿಸಲಿಲ್ಲ. ಹೆಣ ಹೋಗದ ಬೀದಿಗೆ ಆ ದನಿ ಹೋಯಿತು; ಗೌಡರ ಪಡಸಾಲೆಯನ್ನೂ ಹೊಕ್ಕಿತು.

ಈಗ ನಾನು ಅವನ ಫೋಟೋದ ಕೆಳಗೆ ಮೊಳೆಗೆ ತೂಗುತ್ತೇನೆ. ಬೆಸುಗೆ ಬಿಡುತ್ತಿದೆ, ವಯಸ್ಸಾಯಿತು. ಉಸಿರು ನನ್ನದಲ್ಲ, ಎಂದೂ ಆಗಿರಲಿಲ್ಲ. ಗಾಳೆಮ್ಮ ಈಗಲೂ ಶುಕ್ರವಾರ ನನ್ನನ್ನು ತಿಕ್ಕುತ್ತಾಳೆ. ಬೂದಿ ಊದಲು ಮಾತ್ರ ಹೊರಗೆ ಬಂದು ನಿಲ್ಲುತ್ತಾಳೆ. ನನ್ನ ಬಾಯಿಯನ್ನು ಅಗಸೆಯ ಕಡೆಗೆ ತಿರುಗಿಸಿ ಹಿಡಿಯುತ್ತಾಳೆ.