ಶ್ಯಾವಿಗಿಯ ಸಂಬಂಧ

ಬರ್ಕತ್‌ಪುರದ ಆ ಗಲ್ಲಿಯಲ್ಲಿ ಬೆಳಿಗ್ಗೆ ಏಳಕ್ಕೆ ಗುರುರಾಜರು ನಾಯಿ ಹಿಡಿದು ಹೊರಟರೆಂದರೆ ಸಾಕು, ಹಾಲಿನವನಿಂದ ಹಿಡಿದು ವಾಕಿಂಗಿನ ಮುದುಕರವರೆಗೆ ಎಲ್ಲರದೂ ಒಂದೇ ಪ್ರಶ್ನೆ. "ಏಂಟಿ ಸಾರ್, ಗೊರ್ರೆನಾ?" ಕುರಿಯಲ್ಲಪ್ಪಾ, ಪೂಡಲ್ ಎಂದು ಎರಡು ವರ್ಷದಿಂದ ಹೇಳಿ ಹೇಳಿ ಅವರ ಬಾಯಿ ಒಣಗಿತ್ತು. ಅದೂ ತೊಡೆಯ ಮೇಲೆ ಕೂರುವ ಚೋಟುದ್ದದ ಪೂಡಲ್ ಅಲ್ಲ, ಸೊಂಟದ ಹತ್ತಿರ ಬರುವ ಸ್ಟ್ಯಾಂಡರ್ಡ್ ಪೂಡಲ್. ಸಿಕಂದರಾಬಾದಿನಿಂದ ಡೆಹ್ರಾಡೂನಿಗೆ ವರ್ಗವಾದ ಕರ್ನಲ್ ಸ್ನೇಹಿತರೊಬ್ಬರು ವಂಶಾವಳಿಯ ಕಾಗದದ ಸಮೇತ ಕೊಟ್ಟುಹೋಗಿದ್ದ ಹೆಣ್ಣುಮರಿ. ಮೈತುಂಬ ಗುಂಗುರು ಕೂದಲು, ಹುರಿದ ಶ್ಯಾವಿಗೆಯ ಬಣ್ಣ. ಹಾಗಾಗಿ ಮನೆಯಲ್ಲಿ ಅದಕ್ಕೆ ಶ್ಯಾವಿಗಿ ಎಂದೇ ಹೆಸರಾಯಿತು.

ಕುರಿಯೋ ಎಂದು ಕೇಳಿದವರೇ ಎರಡು ನಿಮಿಷ ಅದರ ತಲೆ ಸವರಿದ ಮೇಲೆ ನಮಗೊಂದು ಮರಿ ಬೇಕು ಅನ್ನುತ್ತಿದ್ದರು. ನೀರಾವರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಯಾರಿಗೂ ಇಲ್ಲ ಅನ್ನದೆ ನಿವೃತ್ತರಾದ ಮನುಷ್ಯ ಈಗ ಅನ್ನುತ್ತಾರೆಯೇ?

"ಇವತ್ತು ಯಾರಿಗೆ ಮಾತು ಕೊಟ್ಟು ಬಂದ್ರಿ?" ಗೇಟಿನಲ್ಲೇ ಹೆಂಡತಿ ನಲಿನಿ ಕೇಳಿದರು.

"ಆ ಮೂಲಿ ಮನಿ ರೆಡ್ಡಿಗಾರು. ಹನ್ನೊಂದನೇದು."

"ಹುಟ್ಟೋದು ಆರೋ ಏಳೋ. ಉಳಿದವರಿಗೆ ಖರೇನ ಕುರಿ ಕೊಡ್ತೀರೇನು?"

ಗುರುರಾಜರು ನಕ್ಕು ಪಂಚಾಂಗ ತೆಗೆದರು. ಶ್ಯಾವಿಗಿ ಬೆದೆಗೆ ಬಂದಿತ್ತು. ಗಂಡು ಗೊತ್ತಾಗಿತ್ತು. ಬೀದರಿನ ಕಡೆಯ ಕಿರಾಣಿ ವ್ಯಾಪಾರಿ ವೈಜನಾಥರು ಕೊಂಡಾಪುರದಲ್ಲಿ ಹೊಸ ಮನೆ ಕಟ್ಟಿಸಿದ್ದರು. ಅವರ ಸುಲ್ತಾನನೂ ಇದೇ ಜಾತಿ. ಗುರುರಾಜರು ಎರಡೂ ವಂಶಾವಳಿಗಳನ್ನು ಪಕ್ಕಪಕ್ಕ ಇಟ್ಟು, ಮೂರು ತಲೆಮಾರಿನಲ್ಲಿ ಒಂದೂ ಹೆಸರು ಕೂಡುವುದಿಲ್ಲ, ಗೋತ್ರ ಬೇರೆ ಎಂದು ಖಾತ್ರಿ ಮಾಡಿಕೊಂಡಿದ್ದರು. ರಾಹುಕಾಲ ತಪ್ಪಿಸಿ ಹೊತ್ತು ನೋಡಿದ್ದರು. ಆ ವಾರದ ಕೊನೆಗೆ ಚಳವಳಿಯ ಬಂದ್ ಇಲ್ಲದ ದಿನ ಶುಕ್ರವಾರ ಒಂದೇ ಇದ್ದದ್ದರಿಂದ ಶುಕ್ರವಾರವೇ ಗಟ್ಟಿಯಾಯಿತು. ನಾಯಿಗೆ ಇಷ್ಟೆಲ್ಲ ನೋಡಿದ ಪುಣ್ಯಾತ್ಮರು ನೋಡಬೇಕಾದ್ದೊಂದನ್ನು ನೋಡಿರಲಿಲ್ಲ.

ಅದನ್ನು ಹೇಳಿದ್ದು ಹಿಮಾಯತ್‌ನಗರದ ಪಶುವೈದ್ಯೆ. ಮಂಗಳವಾರ ಶ್ಯಾವಿಗಿಯನ್ನು ಅಲ್ಲಿಗೆ ಕರೆದೊಯ್ದಿದ್ದ ನಲಿನಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಸೊಂಟದ ಎಕ್ಸ್‌ರೇ ತೆಗಿಸೀರೇನು ಅಂತ ಕೇಳಿದ್ರು ಡಾಕ್ಟರಮ್ಮ. ಈ ಜಾತಿಯೊಳಗ ಸೊಂಟದ ಕೀಲು ಸಡಿಲ ಇರೋ ರೋಗ ಇರ್ತದಂತ. ಹೊರಗಿಂದ ಗೊತ್ತಾಗಂಗಿಲ್ಲ, ಆದ್ರ ಮರಿಗೆ ಇಳೀತದಂತ. ಗಂಡು ಹೆಣ್ಣು ಎರಡನ್ನೂ ತೋರಿಸೇ ಮುಂದಿನ ಮಾತು ಅಂದ್ರು. ವೈಜನಾಥರಿಗೆ ಫೋನ್ ಹಚ್ರಿ."

"ಏನಂತ? ನಿಮ್ಮ ನಾಯಿ ಸೊಂಟ ನೆಟ್ಟಗ ಅದ ಏನ್ರಿ ಅಂತ ಕೇಳ್ಲಿ? ನಲಿನಿ, ಅವರು ಮರ್ಯಾದಸ್ಥರು. ಮನಿಗೆ ಕರದು ಚಹಾ ಕೊಟ್ಟಾರ."

"ಮುತ್ತಜ್ಜ ಯಾರು ಅಂತ ಕೇಳಿದ್ರಲ್ಲ, ಆವಾಗ ಹೋಗ್ಲಿಲ್ಲೇನು ಮರ್ಯಾದಿ?"

"ಅದು ಪದ್ಧತಿ. ಇದು ಸಂಶಯ ಪಟ್ಟಂಗ. ಅವರೇನು ನಮ್ಮನ್ನ ಕೇಳ್ಯಾರೇನು?"

ನಲಿನಿ ಹಣೆ ಚಚ್ಚಿಕೊಂಡರು. ಚಚ್ಚಿಕೊಳ್ಳದೆ ಏನು ಮಾಡುವುದು? ಕುಲ ಕೇಳಬಹುದು, ಕುಂಡಲಿ ಕೇಳಬಹುದು, ಕಾಯಿಲೆ ಮಾತ್ರ ಕೇಳಬಾರದಂತೆ!

ಮೂಲೆಯಲ್ಲಿ ಕುಳಿತು ಶ್ಯಾವಿಗಿಯ ಕಿವಿಯ ಸಿಕ್ಕು ಬಿಡಿಸುತ್ತಿದ್ದವರು ಸುಂದರಾಬಾಯಿ, ಗುರುರಾಜರ ತಂಗಿ. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಶ್ಯಾವಿಗಿಗೆ ಅನ್ನ, ಸ್ನಾನ, ಬಾಚಣಿಗೆ ಎಲ್ಲ ಅವರದೇ. ಮರಿಗಳಿಗೆಂದು ಹಳೆಯ ಸೀರೆಗಳ ಕೌದಿಯನ್ನೂ ಹೊಲಿದಿಟ್ಟಿದ್ದರು. ತಲೆ ಎತ್ತದೆಯೇ ಅಂದರು:

"ನನ್ನ ಮದುವಿ ಮುಂದನೂ ಇದ ಮಾತು ಅಂದಿದ್ದಿ, ಅಣ್ಣ. ಮರ್ಯಾದಸ್ಥರ ಮನಿ, ಏನ್ ಕೇಳೋದು ಅಂತ."

ತಂಗಿಗೆ ಗಂಡು ನೋಡಲು ಹೋದ ದಿನ ಗುರುರಾಜರಿಗೆ ನೆನಪಾಯಿತು. ರಾಯಚೂರಿನ ಆ ಮನೆಯಲ್ಲಿ ಹುಡುಗನ ಸೋದರಮಾವ ಮಾತಿನ ಭರದಲ್ಲಿ, ಚಿಕ್ಕಂದಿನಲ್ಲಿ ಇವನನ್ನು ಮದ್ರಾಸಿನ ಆಸ್ಪತ್ರೆಗೆ ಎಷ್ಟು ಸಲ ಕರೆದೊಯ್ದೆವೋ ಎಂದಿದ್ದ. ಯಾತಕ್ಕೆ ಎಂಬ ಒಂದು ಮಾತು ಗುರುರಾಜರ ತುಟಿಯವರೆಗೆ ಬಂದು ವಾಪಸು ಹೋಗಿತ್ತು. ಹುಡುಗನ ಹೃದಯದಲ್ಲಿ ಹುಟ್ಟಿನಿಂದಲೇ ತೂತಿತ್ತು. ಮದುವೆಯಾಗಿ ನಾಲ್ಕೇ ವರ್ಷ.

"ಅವರು ಛಲೋ ಮನಷ್ಯಾರಿದ್ರು," ಸುಂದರಾಬಾಯಿ ಬಾಚುತ್ತಲೇ ಇದ್ದರು. "ಗೊತ್ತಿದ್ರ ನಾ ಒಲ್ಲೆ ಅಂತಿದ್ನೋ, ಹೂಂ ಅಂತಿದ್ನೋ, ಅದು ನನಗ ಬಿಟ್ಟದ್ದಿತ್ತು. ನೀವೆಲ್ಲಾ ಚಹಾ ಕುಡದು ಎದ್ದು ಬಂದ್ರಿ."

ಮಾತು ಚುಚ್ಚಿತು. ಆದರೂ ಹಟ ಬಿಟ್ಟರೆ ಅವರು ಗುರುರಾಜರೇ ಅಲ್ಲ. ನಮ್ಮದರಲ್ಲಿ ಏನೂ ಇಲ್ಲ, ತೋರಿಸಿಬಿಡ್ತೀನಿ ಎಂದು ಮರುದಿನವೇ ಎಕ್ಸ್‌ರೇ ತೆಗೆಸಿದರು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಎಡಗಡೆಯ ಕೀಲು ತೋರಿಸಿದರು. ತೊಡೆಮೂಳೆಯ ಗುಂಡು ಸೊಂಟದ ಗೂಡಿನಲ್ಲಿ ಸರಿಯಾಗಿ ಕೂತಿರಲಿಲ್ಲ. ತೂಕ ಏರದಂತೆ ನೋಡಿಕೊಂಡರೆ ಶ್ಯಾವಿಗಿ ಸುಖವಾಗಿ ಬದುಕುತ್ತಾಳೆ, ಆದರೆ ಮರಿ ಹಾಕಿಸುವ ಹಾಗಿಲ್ಲ ಎಂದರು.

ಮನೆಗೆ ಬಂದ ಗುರುರಾಜರು ಹೇಳಿದ್ದೇನು ಗೊತ್ತೇ? "ಓಡ್ತಾಳ, ಜಿಗೀತಾಳ. ಎಲ್ಲಾ ಮರಿಗೂ ಬರ್ತದಂತೇನಿಲ್ಲ. ಅವರು ಕೇಳಿಲ್ಲ. ಕೇಳದವರಿಗೆ ನಾವ ಯಾಕ ಹೇಳಬೇಕು?"

"ಕುಂಟ ಮರಿ ಹಂಚ್ಲಿಕ್ಕೆ ಹೊಂಟೀರಿ! ಆ ಮೂಕಜೀವ ಆಯುಷ್ಯಪೂರ್ತಿ ಕಾಲು ಎಳೀಬೇಕು, ನಿಮ್ಮ ಮಾತು ಉಳೀಬೇಕು!" ನಲಿನಿ ಅಡುಗೆಮನೆಗೆ ಹೋದವರು ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ.

ಶುಕ್ರವಾರ ಬಾಡಿಗೆ ಕಾರು ಬಂತು. ಸುಂದರಾಬಾಯಿ ಸೆರಗು ಸುತ್ತಿಕೊಂಡು ನಾನೂ ಬರ್ತೀನಿ ಎಂದು ಹಿಂದಿನ ಸೀಟಿನಲ್ಲಿ ಶ್ಯಾವಿಗಿಯ ಪಕ್ಕ ಕೂತರು. ಕೊಂಡಾಪುರ ಮುಟ್ಟುವವರೆಗೆ ಅವರು ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಗುರುರಾಜರಿಗೆ ಎಷ್ಟೋ ಹಗುರಾಗುತ್ತಿತ್ತು.

ವೈಜನಾಥರು ಬಾಗಿಲಲ್ಲೇ ಕಾಯುತ್ತಿದ್ದರು. ಚಹಾ ಬಂತು, ಚೂಡಾ ಬಂತು. ಹಿಂದಿನ ಅಂಗಳದಿಂದ ಸುಲ್ತಾನನ ಬೊಗಳು ಕೇಳುತ್ತಿತ್ತು.

"ಬಿಡ್ರಿ ಸಾಹೇಬ್ರ, ನಾಯಿನ್ನ," ಎಂದರು ವೈಜನಾಥರು. "ಡಾಕ್ಟರ್‌ಗೆ ತೋರ್ಸೀರೇನು, ಅದು ಇದು ಅಂತ ಭಾಳ ಮಂದಿ ಕೇಳ್ತಾರ್ರಿ. ನಿಮ್ಮಂಥ ಮರ್ಯಾದಸ್ಥರ ಮನಿಗೆ ನಾ ಏನ್ ಕೇಳಲ್ರಿ?"

ಶ್ಯಾವಿಗಿಯ ಬೆಲ್ಟ್ ಬಿಚ್ಚಲು ಬಗ್ಗಿದ್ದ ಗುರುರಾಜರ ಕೈ ಅಲ್ಲೇ ನಿಂತಿತು. ತಂಗಿಯ ಕಡೆ ನೋಡಿದರು. ಸುಂದರಾಬಾಯಿ ಚಹಾದ ಕಪ್ಪನ್ನು ಮುಟ್ಟಿರಲಿಲ್ಲ. ಗುರುರಾಜರು ಬೆಲ್ಟ್ ಬಿಟ್ಟು ನೆಟ್ಟಗೆ ನಿಂತರು.

"ಕೇಳ್ರಿ ವೈಜನಾಥರ. ನೀವು ಕೇಳಬೇಕು."

"ಏನ್ ಕೇಳ್ಲಿ?"

"ನಿಮ್ಮ ನಾಯಿಗೆ ಏನಾರ ರೋಗ ಅದ ಏನು ಅಂತ."

ವೈಜನಾಥರು ನಕ್ಕರು. "ಆತ್ರಿ. ಐತೇನ್ರಿ?"

"ಅದ."

ಸುಂದರಾಬಾಯಿ ಕೈಚೀಲದಿಂದ ತೆಗೆದುಕೊಟ್ಟ ಫಿಲ್ಮನ್ನು ಕಿಟಕಿಗೆ ಹಿಡಿದು ಗುರುರಾಜರು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದರು. ವೈಜನಾಥರ ನಗು ಇಳಿಯಿತು.

"ಅಲ್ರೀ, ಅಂಗಡಿ ಬಿಟ್ಟು ಮುಂಜಾನಿಂದ ಕಾಯಾಕತ್ತೀನಿ. ಇದನ್ನ ಫೋನ್‌ನ್ಯಾಗ ಹೇಳಾಕ ಏನಾಗಿತ್ರಿ ನಿಮಗ?"

"ಹೇಳಬಾರದು ಅಂತನ ಬಂದಿದ್ದೆ," ಎಂದರು ಗುರುರಾಜರು.

ವೈಜನಾಥರು ಗಡ್ಡ ಕೆರೆದುಕೊಂಡರು. "ಹೋದ ವರ್ಷ ಅಮೀರ್‌ಪೇಟದವರಿಗೆ ಸುಲ್ತಾನನ ಮರಿ ಒಂದು ಕೊಟ್ಟಿದ್ದೆ. ಹಿಂಗಾಲು ಎಳೀತೈತಿ ಅಂತ ಫೋನ್ ಮಾಡಿದ್ರು. ಎಲ್ಲೋ ಬಿದ್ದಿರಬೇಕು ಅಂದು ಇಟ್ಟುಬಿಟ್ಟೆ. ಆ ಡಾಕ್ಟರಮ್ಮನ ನಂಬರ್ ಕೊಡ್ರಿ ಸಾಹೇಬ್ರ."

ವಾಪಸು ಹೊರಟ ಕಾರಿನಲ್ಲಿ ಗುರುರಾಜರು ಮುಂದೆ ಕೂರಲಿಲ್ಲ. ಹಿಂದೆ, ನಾಯಿಯ ಆ ಪಕ್ಕ ಮುದುಡಿಕೊಂಡು ಕೂತರು.

"ಸುಂದರಾ, ಅವತ್ತು ನಾ ಕೇಳಬೇಕಿತ್ತು. ನನ್ನದ ತಪ್ಪು."

ಸುಂದರಾಬಾಯಿಯ ಕಣ್ಣು ತುಂಬಿತು, ಅದರ ಹಿಂದೆಯೇ ಸಿಟ್ಟೂ ಉಕ್ಕಿತು. "ಇಷ್ಟು ಹೇಳ್ಲಿಕ್ಕೆ ಮೂವತ್ತು ವರ್ಷ ಬೇಕಾತೇನೋ ನಿನಗ? ಮೂವತ್ತು ವರ್ಷ! ಒಂದಿನನಾರ..."

"ಬೈ," ಎಂದರು ಗುರುರಾಜರು. "ಎಷ್ಟ್ ಬೈಬೇಕೋ ಬೈ."

ಅವರು ಬೈದರು. ರಾಯಚೂರಿನಿಂದ ಶುರು ಮಾಡಿ ಒಂದನ್ನೂ ಬಿಡದೆ ಬೈದರು. ಕಾರು ಪಂಜಾಗುಟ್ಟ ದಾಟಿದರೂ ಮುಗಿದಿರಲಿಲ್ಲ. ಗುರುರಾಜರು ಒಮ್ಮೆಯೂ ಅಡ್ಡಬಾಯಿ ಹಾಕದೆ ಕೇಳಿಸಿಕೊಂಡರು.