ನಾನೂರ ಹದಿನೇಳು

ಹೂಮಾಲೆಗೆ ಕಟ್ಟಿದ್ದ ರಿಬ್ಬನ್ನನ್ನು ಹಾಲಿನಾ ಹಲ್ಲಿನಿಂದ ಕಚ್ಚಿ ಹರಿದಳು. ‘ಸೆನೆಕಾ ಯುದ್ಧನೌಕೆಯ ಕ್ಯಾಂಟೀನ್ ಹುಡುಗಿ ಸ್ಟೆಫಾನಿಯಾಗೆ’ ಎಂದು ಅದರ ಮೇಲೆ ಬಂಗಾರದ ಅಕ್ಷರ. ಮಾಲೆ ತಂದಿದ್ದ ಪ್ರೆಂಟಿಸ್, ಹಡಗಿನ ಮ್ಯೂಸಿಯಮ್ಮಿನ ಮುಖ್ಯಸ್ಥ, ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ.

“ನಮ್ಮಮ್ಮ ಕಾಫಿ ಹಂಚಿದೋಳಲ್ಲ ಸ್ವಾಮಿ. ಆ ಹಡಗಿಗೆ ಬೆಸುಗೆ ಹಾಕಿದೋಳು.”

“ಬೆಸುಗೆಯೋರ ನಂಬರು ಉಕ್ಕಿನ ಮೇಲೇ ಇರುತ್ತಮ್ಮ. ಅವರದ್ದು ಎಲ್ಲೂ ಇಲ್ಲ.”

“ಥೂ! ಹಡಗಿನ ತಳಕ್ಕೆ ಇಳಿದು ನೋಡಿದ್ರೆ ತಾನೆ ಸಿಗೋದು?” ಸ್ಟೆಫಾನಿಯಾ ಜೊತೆ ದುಡಿದಿದ್ದ ಮುದುಕಿ ಗೆನ್ಯಾ ಬೆಂಚಿನಿಂದ ಎದ್ದಳು. “ಪಾದ್ರಿ ಬಂದು ಮುಚ್ಚಳ ಹಾಕೋಕೆ ಇನ್ನೂ ಒಂದು ಗಂಟೆ ಇದೆ. ನಡಿಯೇ ಹಾಲಿನಾ.”

ಹೊರಡುವಾಗ ಶವಕ್ಕೆ ಅಲಂಕಾರ ಮಾಡಿದವನು ಅಡ್ಡ ಬಂದ. “ಕೈಮೇಲಿನ ಸುಟ್ಟ ಕಲೆ ಎಲ್ಲಾ ಪೌಡರಲ್ಲಿ ಮುಚ್ಚಿದೀನಿ ಮೇಡಂ. ರಾಣಿ ಕೈ ಥರ ಇದೆ.”

*

ಸಾವಿರದ ಒಂಬೈನೂರ ನಲವತ್ತೆರಡು. ಪ್ರತಿ ಬೆಸುಗೆಯ ತುದಿಗೂ ಹಾಕಿದವರ ನಂಬರನ್ನು ಸುತ್ತಿಗೆಯಲ್ಲಿ ಒತ್ತಬೇಕು. ಬಿರುಕು ಬಿಟ್ಟರೆ ಅವರ ಕೊರಳು ಹಿಡಿಯಲು. ಸ್ಟೆಫಾನಿಯಾಳ ಬೆಸುಗೆಗೆ ಮಾತ್ರ ಮೇಸ್ತ್ರಿ ಡೂಗನ್ ತನ್ನ ನಂಬರು ಒತ್ತುತ್ತಿದ್ದ.

“ಹೆಂಗಸಿನ ಬೆಸುಗೆ ಅಂದ್ರೆ ಸಾಹೇಬ್ರು ಮೂಗು ಮುರೀತಾರೆ ಕಣೇ,” ಎಂದು ಹಲ್ಲು ಕಿರಿದ.

ಒಂದು ದಿನ ಊಟದ ಗಂಟೆ ಹೊಡೆದಾಗ ಗೆನ್ಯಾ ದೀಪ ಹಿಡಿದಳು. ಪಂಪ್ ಕೋಣೆಯಲ್ಲಿ, ನೆಲದಂಚಿನ ತನ್ನ ಬೆಸುಗೆಗೆ, ಸ್ಟೆಫಾನಿಯಾ ತನ್ನದೇ ನಂಬರು ೪೧೭ ಒತ್ತಿದಳು.

ಹಡಗು ಯುದ್ಧಕ್ಕೆ ಹೋಯಿತು. ಪಂಪ್ ಕೋಣೆಯ ಪಕ್ಕಕ್ಕೇ ಟಾರ್ಪೆಡೊ ಬಡಿಯಿತು. ಆ ಬೆಸುಗೆ ಬಿಡಲಿಲ್ಲ, ಹಡಗು ತೇಲುತ್ತ ಬಂತು. ಪದಕ ಡೂಗನ್ನಿಗೆ. ಆಮೇಲೆ ಹಡಗು ಇಪ್ಪತ್ತು ವರ್ಷ ತುಕ್ಕು ಹಿಡಿದು ಬಿದ್ದಿತ್ತು. ಇನ್ನೇನು ಗುಜರಿಗೆ ಹೋಗಬೇಕು, ಅಷ್ಟರಲ್ಲಿ ಬಣ್ಣ ಬಳಿದು, ಮ್ಯೂಸಿಯಮ್ ಮಾಡಿ ಟಿಕೆಟ್ಟಿಟ್ಟರು. ತನ್ನ ನಂಬರು ಕೆಳಗಿದೆ ಎಂದು ಸ್ಟೆಫಾನಿಯಾ ನಾಲ್ಕು ಸಲ ಹೋಗಿ ಹೇಳಿದಳು. ಅವಳಿಗೆ ಮಂಡಿನೋವು, ಏಣಿ ಇಳಿಯಲಾಗದು, ಮಿಕ್ಕವರಿಗೆ ಪುರುಸೊತ್ತಿಲ್ಲ. ಹಾಲಿನಾ ಕೂಡ ಇಳಿದಿರಲಿಲ್ಲ. ಅಮ್ಮನದು ಅದೇ ಹಳೇ ರಾಗ ಎಂದುಕೊಂಡಿದ್ದಳು. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

*

ಪಂಪ್ ಕೋಣೆಯನ್ನು ಮಕ್ಕಳ ಹುಟ್ಟುಹಬ್ಬಕ್ಕೆ ಬಾಡಿಗೆಗೆ ಕೊಡುತ್ತಿದ್ದರು. ಹಳಸಿದ ಪಿಜ್ಜಾದ ವಾಸನೆಯೊಳಕ್ಕೆ ಹಾಲಿನಾ ಏಣಿ ಇಳಿದಳು, ಹಿಂದೆಯೇ ಪ್ರೆಂಟಿಸ್.

“ಬಾಗಿಲಿನ ಎಡಕ್ಕೆ, ಕೆಳಗೆ!” ಏಣಿಯ ಮೇಲಿನಿಂದ ಗೆನ್ಯಾ ಕೂಗಿದಳು.

ಅಲ್ಲಿ ಯಾರೋ ಅಗಿದು ಅಂಟಿಸಿದ ಚೂಯಿಂಗ್ ಗಮ್ಮು, ಒಂದರ ಮೇಲೊಂದು. ಹಾಲಿನಾ ಮನೆಯ ಕೀಲಿಯಿಂದ ಕೆರೆದಳು.

“ಬಣ್ಣ ಕೆರೀಬೇಡಿ! ಇದು ದೇಶದ ಆಸ್ತಿ!” ಪ್ರೆಂಟಿಸ್ ಚೀರಿದ.

“ಈ ಎಂಜಲು ಅಂಟಿಸೋವಾಗ ಎಲ್ಲಿತ್ತು ನಿಮ್ಮ ಆಸ್ತಿ?”

ಬೂದು ಬಣ್ಣ ಸಿಪ್ಪೆಯಾಗಿ ಎದ್ದಿತು. ನಾಲ್ಕು. ಒಂದು. ಏಳು.

ಪ್ರೆಂಟಿಸ್ ಬಗ್ಗಿ ನೋಡಿದ. “ಡೂಗನ್ ಹೆಸರಿನ ಫಲಕ ಮೊನ್ನೆ ತಾನೆ ಮಾಡಿಸಿದ್ವಲ್ಲಮ್ಮ,” ಎಂದು ಗೊಣಗಿದ.

ಹಾಲಿನಾ ಹರಿದ ರಿಬ್ಬನ್ನನ್ನು ಜೇಬಿನಿಂದ ತೆಗೆದಳು. ಅದರ ಹಿಂಬದಿ ಮೇಲಾಗುವಂತೆ ಅಂಕಿಗಳ ಮೇಲೆ ಹಾಸಿ, ಹುಬ್ಬಿನ ಪೆನ್ಸಿಲ್ಲಿನಿಂದ ಉಜ್ಜಿದಳು. ೪೧೭ ಅದರ ಮೇಲೆ ಮೂಡಿತು.

ಅವರು ಮರಳಿದಾಗ ಪಾದ್ರಿ ಬಂದಿದ್ದ. ಮುಚ್ಚಳಕ್ಕೆ ಇಬ್ಬರು ಕೈ ಹಾಕಿದ್ದರು.

“ಒಂದು ನಿಮಿಷ ನಿಲ್ಲಿ,” ಎಂದಳು ಹಾಲಿನಾ. ಬಂಗಾರದ ಅಕ್ಷರ ಕೆಳಗಾಗುವಂತೆ ರಿಬ್ಬನ್ನನ್ನು ಅಮ್ಮನ ಎದೆಯ ಮೇಲೆ ಹಾಸಿದಳು. ಆಮೇಲೆ ಕರವಸ್ತ್ರ ಒದ್ದೆ ಮಾಡಿ ಆ ಕೈಗಳ ಪೌಡರು ಒರೆಸತೊಡಗಿದಳು. ಕಿಡಿ ಸಿಡಿದ ಬಿಳಿ ಚುಕ್ಕೆಗಳು ಬೆರಳಿನಿಂದ ಮೊಣಕೈವರೆಗೆ ಒಂದೊಂದೇ ಎದ್ದು ಬಂದವು.