ಮೂವತ್ತೊಂದು ಹೆಸರುಗಳ ಮೇಲೆ ಗೆರೆ

ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋದರೆ ಗೌರಮ್ಮನ ಮೇಲೆ ಸುಮ್ಮನೆ ತಪ್ಪು ಹೊರಿಸಿಬಿಡುತ್ತೀರಿ.

ಗೌರಮ್ಮ ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವಳು. ಅಮೆರಿಕದ ಸನ್ನಿವೇಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷವೂ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಕವರುಗಳನ್ನು ಜೋಡಿಸಿಡುವುದೇ ಕೆಲಸ. ಇಲ್ಲಿಯ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಹೊರದೇಶದ ಕಾಲೇಜಿನಲ್ಲಿ ಓದಿದವಳೆಂದು ಲೈಸೆನ್ಸಿನ ಅರ್ಜಿ ಮಾತ್ರ ಕೊಳೆಯುತ್ತಾ ಬಿದ್ದಿತ್ತು. ಗಂಡ ಪುಟ್ಟಸ್ವಾಮಿ ಅಸೆಂಬ್ಲಿ ಮೆಂಬರಿಗೆ ಮೂರು ಸಲ ಕಾಗದ ಬರೆದ. ಮೂರು ಸಲವೂ ಅದೇ ಅಚ್ಚಿನ ಉತ್ತರ ಬಂತು, ಸಹಿಯೂ ಅಚ್ಚಿನದೇ. ೧೯೮೬ರ ಚುನಾವಣೆಯಲ್ಲಿ ಆ ಮೆಂಬರಿಗೆ ಎದುರಾಳಿಯೇ ಇಲ್ಲವೆಂದು ತಿಳಿದ ದಿನ ಪುಟ್ಟಸ್ವಾಮಿಗೆ ರೇಗಿತು.

"ನಾನೇ ನಿಂತ್ಕೋತೀನಿ. ಪಾರ್ಟಿ ಬೇಡ. ಬ್ಯಾಲೆಟ್ಟಲ್ಲಿ ನನ್ನ ಹೆಸರೂ ಇರಲ್ಲ. ಜನ ಪೆನ್ನು ತಗೊಂಡು ಬರೀಬೇಕು, ಅಷ್ಟೇಯ."

"ಪುಟ್ಟಸ್ವಾಮಿ ಅಂತ ಬರೆಯೋ ಅಮೆರಿಕನ್ನು ಎಲ್ಲವ್ನೆ ರೀ?"

"ಬರೀದಿದ್ರೆ ಹೋಗ್ಲಿ. ನಿನ್ನ ಲೈಸೆನ್ಸಿನ ವಿಷ್ಯ ಒಂದು ಸಲ ಪೇಪರಲ್ಲಿ ಬಂದ್ರೆ ಸಾಕಲ್ವಾ?"

ಗೆಲ್ಲುವ ಆಸೆ ಗೌರಮ್ಮನಿಗೆ ಎಳ್ಳಷ್ಟೂ ಇರಲಿಲ್ಲ. ಪೇಪರಿನ ಮಾತು ಮಾತ್ರ ಮನಸ್ಸಿಗೆ ನಾಟಿತು.

ಜನ ಬರೆದ ಹೆಸರು ಲೆಕ್ಕಕ್ಕೆ ಬರಬೇಕಾದರೆ, ಚುನಾವಣೆಗೆ ಎರಡು ವಾರ ಮೊದಲು ಆ ಕ್ಷೇತ್ರದ ನಲವತ್ತು ಮತದಾರರ ಸಹಿ ಸಲ್ಲಿಸಬೇಕಿತ್ತು. ಪುಟ್ಟಸ್ವಾಮಿ ಕನ್ನಡದವರ ದಸರಾ ಊಟಕ್ಕೆ ಕಾಗದ ಹಿಡಿದು ಹೋದ. ಬಿಸಿಬೇಳೆಬಾತ್ ತಿನ್ನುತ್ತಿದ್ದವರೆಲ್ಲ ಕೈ ತೊಳೆದು ಬಂದು ಸಹಿ ಹಾಕಿದರು.

"ನಮ್ಮೋರು ನಿಂತ್ರೆ ಹಾಕ್ದೇ ಇರ್ತೀವಾ ಸ್ವಾಮಿ?" ಎಂದು ಪಕ್ಕದ ಅಪಾರ್ಟ್‌ಮೆಂಟಿನ ಶ್ರೀಕಂಠ ಎಲ್ಲರಿಗಿಂತ ಮೊದಲು ಹಾಕಿದ. "ಮಿನಿಸ್ಟ್ರಾದ್ಮೇಲೆ ನಮ್ಮ ಗುರುತಿರ್ಲಿ."

ಒಟ್ಟು ನಲವತ್ತೆಂಟು ಸಹಿಯಾಯಿತು.

ಕೊನೆಯ ದಿನ ಪುಟ್ಟಸ್ವಾಮಿಗೆ ರಜೆ ಸಿಗಲಿಲ್ಲ. ಕಾಗದ ಕೊಟ್ಟುಬರುವ ಕೆಲಸ ಗೌರಮ್ಮನದಾಯಿತು. ಹೊರಡುವ ಹೊತ್ತಿಗೆ ಶ್ರೀಕಂಠನ ಹೆಂಡತಿ ನಿರುಪಮಾಳ ಫೋನು ಬಂತು.

"ಗೌರಮ್ಮೋರೆ, ಆ ಸಹಿ ಸಿಟಿಜನ್‌ಗಳು ಮಾತ್ರ ಹಾಕ್ಬೇಕಂತೆ, ಹೌದಾ? ನಮ್ದಿನ್ನೂ ಗ್ರೀನ್‌ಕಾರ್ಡು ಕಣ್ರೀ."

"ಮತ್ಯಾಕ್ರೀ ಹಾಕಿದ್ರಿ? ಓಟಿರೋರೇ ಹಾಕ್ಬೇಕು ಅಂತ ಇವ್ರು ಹೇಳಿದ್ರಲ್ಲ."

"ಅವರು ಪೆನ್ನು ಚಾಚ್ಕೊಂಡು ನಿಂತಿದ್ರೆ ಇಲ್ಲ ಅನ್ನೋದು ಹೇಗ್ರೀ? ಎಲ್ರೂ ಹಾಕಿದ್ರು, ನಾವೂ ಹಾಕಿದ್ವಿ. ತೊಂದ್ರೆ ಏನೂ ಆಗಲ್ವಲ್ಲ?"

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಸ್ಯಾನ್ ಹೊಸೆಯ ಚುನಾವಣಾ ಕಚೇರಿಯ ಮುಂದೆ ಗೌರಮ್ಮ ಕಾರಿನಲ್ಲೇ ಕೂತು ಪಟ್ಟಿ ಓದಿದಳು. ಯಾರು ಸಿಟಿಜನ್, ಯಾರಲ್ಲ ಎಂದು ಅವಳಿಗೆ ಗೊತ್ತಿತ್ತು. ಸಿಟಿಜನ್ ಆಗಿ, ಊರಿಗೆ ಹೋಗಲು ಭಾರತದ ಕಾನ್ಸುಲೇಟಿನಲ್ಲಿ ವೀಸಾಕ್ಕೆ ಸಾಲು ನಿಲ್ಲುತ್ತಿದ್ದವರು ಅವಳೂ ಸೇರಿ ಕೆಲವರೇ. ಉಳಿದವರು "ನಮ್ಮದು ನಮ್ಮೂರ ಪಾಸ್‌ಪೋರ್ಟೇ, ನಮಗ್ಯಾಕಮ್ಮ ವೀಸಾ" ಎಂದು ನಗುತ್ತಿದ್ದರು. ನಾನು ಮತದಾರನೆಂಬುದು ಸತ್ಯ ಎಂದು ಪ್ರತಿ ಹಾಳೆಯ ಕೆಳಗೂ ಅಚ್ಚಾಗಿತ್ತು. ಸುಳ್ಳೆಂದು ಸಿಕ್ಕಿಬಿದ್ದರೆ ಅವರ ಗ್ರೀನ್‌ಕಾರ್ಡಿಗೇ ಸಂಚಕಾರ.

ಹಾಗೇ ಕೊಟ್ಟುಬಿಟ್ಟರೆ? ಒಳಗಿನವರು ಅಷ್ಟು ನೋಡದೆಯೂ ಇರಬಹುದು. ಪೇಪರಲ್ಲಿ ಬರಬಹುದು. ಒಂಬತ್ತು ವರ್ಷದಲ್ಲಿ ತೆರೆದ ಬಾಗಿಲು ಇದೊಂದೇ.

ಅವಳು ಪೆನ್ನು ತೆಗೆದಳು. ಶ್ರೀಕಂಠ, ನಿರುಪಮಾ. ತನ್ನ ಬಾಣಂತನಕ್ಕೆ ಹದಿನೈದು ದಿನ ಸಾರು ಕಳಿಸಿದ ಸತ್ಯವತಿ. ಒಂದೊಂದೇ ಹೆಸರಿನ ಮೇಲೆ ಗೆರೆ ಎಳೆಯುತ್ತಾ ಹೋದಳು, ಮೂವತ್ತೊಂದು. ಹದಿನೇಳು ಉಳಿದವು.

"ಇನ್ನೂ ಇಪ್ಪತ್ತಮೂರು ಬೇಕಲ್ಲಮ್ಮ," ಎಂದು ಕೌಂಟರಿನ ಹೆಂಗಸು ಕನಿಕರದಿಂದಲೇ ಹೇಳಿ ಗೋಡೆ ಗಡಿಯಾರ ನೋಡಿದಳು. ಬಾಗಿಲು ಹಾಕಲು ಅರ್ಧ ಗಂಟೆ ಉಳಿದಿತ್ತು.

ಸಂಜೆ ಪುಟ್ಟಸ್ವಾಮಿ ಅವಳು ವಾಪಸ್ಸು ತಂದ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. "ಈ ಗೆರೆ ಯಾರು ಎಳೆದಿದ್ದು?"

ನಿಜ ಹೇಳಿದರೆ ಅವನು ಒಂದೊಂದು ಮನೆಗೂ ಹೋಗಿ ಜಗಳ ತೆಗೆಯುತ್ತಾನೆ. ಈ ದೇಶದಲ್ಲಿ ಅವರಿಗೆ ಇದ್ದದ್ದು ಆ ಮನೆಗಳೇ.

"ಆಫೀಸ್ನೋರು," ಅಂದಳು.

"ಹೂಂ," ಎಂದ ಪುಟ್ಟಸ್ವಾಮಿ, ಹಾಳೆಗಳನ್ನು ಮಡಚುತ್ತಾ. "ನಮ್ಮೋರ ಹೆಸರು ಅಂತ್ಲೇ ಹೊಡೆದಾಕವ್ರೆ."

ಚುನಾವಣೆಯ ದಿನ ಅವನು ತನ್ನ ಹೆಸರನ್ನು ತಾನೇ ಗುಂಡಗೆ ಬರೆದು ಬಂದ. ಅದನ್ನು ಯಾರೂ ಎಣಿಸಲಿಲ್ಲ. ಗೌರಮ್ಮ ಮರುದಿನ ಎಂದಿನಂತೆ ಎಕ್ಸ್‌ರೇ ಕವರು ಜೋಡಿಸಲು ಹೋದಳು.

ಸಂಕ್ರಾಂತಿ ಊಟದಲ್ಲಿ ಪುಟ್ಟಸ್ವಾಮಿ ಎಲ್ಲರೆದುರು ಈ ಕಥೆ ಹೇಳಿದ. ಅಷ್ಟರಲ್ಲಿ ಅವನಿಗೆ ಅದು ಬಾಯಿಪಾಠವಾಗಿತ್ತು. "ಮೂವತ್ತೊಂದು ಹೆಸರು ಹೊಡೆದಾಕಿದ್ರು. ನಾನು ಬಿಡಾಕಿಲ್ಲ, ಎಂಬತ್ತೆಂಟಕ್ಕೆ ಮತ್ತೆ ನಿಂತ್ಕೋತೀನಿ."

"ಅನ್ಯಾಯ ಸ್ವಾಮಿ," ಎಂದ ಶ್ರೀಕಂಠ. "ನಿಂತ್ಕೊಳ್ಳಿ, ಮತ್ತೆ ಸಹಿ ಹಾಕ್ತೀವಿ."

ಸತ್ಯವತಿ ತಟ್ಟೆ ನೋಡುತ್ತಾ ಕೂತಿದ್ದಳು. ನಿರುಪಮಾ ತಲೆ ಎತ್ತದೆ ಗೌರಮ್ಮನ ಕೈಗೆ ಎಳ್ಳುಬೆಲ್ಲ ಹಾಕಿ, "ತಿಂದು ಒಳ್ಳೇ ಮಾತಾಡಿ," ಎಂದಳು.

"ಕಣ್ಣಾರೆ ಕಂಡೋಳು ಇವಳೇ," ಎಂದು ಪುಟ್ಟಸ್ವಾಮಿ ಹೆಂಡತಿಯ ಕಡೆ ತಿರುಗಿದ. "ಹೇಳು ಗೌರಿ. ಅವರೇ ತಾನೆ ಹೊಡೆದಾಕಿದ್ದು?"

ಅಷ್ಟೂ ಮುಖಗಳು ಅವಳ ಕಡೆ ತಿರುಗಿದವು. ಗೌರಮ್ಮ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು ನುಂಗಿ, "ಹೂಂ," ಅಂದಳು.

ಅಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?